ಅಪ್ಪನಿಗೆ ಬಿಸಿಲು ಬಡಿದು ಎರಡು ವರ್ಷ ಆಯ್ತು, ಕಿಡ್ನಿ ಇನ್ನೂ ಸರಿಹೋಗಿಲ್ಲ. ಒಂದು ದಿನದ ನೀರಡಿಕೆ ಇಷ್ಟೆಲ್ಲ ಮಾಡುತ್ತಾ?

ತೊಗರಿಹೊಲ, ಜೇವರ್ಗಿ

ನಮಸ್ಕಾರ ರೀ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ಅಪ್ಪನಿಗೆ ಈಗ 56. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಹೊಲದಲ್ಲಿ ತೊಗರಿ ಕಟ್ಟಿಗೆ ಒಟ್ಟಲು ಹೋಗಿದ್ದರು. ಒಂದು ಲೀಟರ್ ಬಾಟಲಿ ಒಯ್ದಿದ್ದರು, ಹತ್ತು ಗಂಟೆಗೇ ಖಾಲಿ. ಬಾಜೂ ಹೊಲದ ಬೋರ್ ಬತ್ತಿತ್ತು. ಇನ್ನೊಂದು ಸಾಲು ಮುಗಿಸಿ ಹೋಗೋಣ, ಇನ್ನೊಂದು ಸಾಲು ಮುಗಿಸಿ ಹೋಗೋಣ ಅಂತ ಸಂಜೆ ಮಾಡಿದ್ದಾರೆ. ಐದು ಗಂಟೆಗೆ ನಾನು ಹುಡುಕಿಕೊಂಡು ಹೋದಾಗ ಬೇವಿನ ಗಿಡದ ಕೆಳಗೆ ಬಿದ್ದಿದ್ದರು. ಮಾತು ತೊದಲುತ್ತಿತ್ತು. ಮೈ ಕೆಂಡ, ಬೆವರು ಮಾತ್ರ ಇಲ್ಲ. ದವಾಖಾನೆಯಲ್ಲಿ ಮೊದಲ ಸಲ ಮೂತ್ರ ಬಂದಾಗ ಕರಿ ಚಹಾದ ಬಣ್ಣ.

ಆರು ದಿನ ಸಲೈನ್ ಹಾಕಿದರು. ರಕ್ತದಲ್ಲಿನ ಕ್ರಿಯೇಟಿನಿನ್ (ಕಿಡ್ನಿ ಸೋತಷ್ಟೂ ಏರುವ ಕಸ) 5.8 ಇದ್ದದ್ದು 2.1ಕ್ಕೆ ಇಳಿಯಿತು. ಇನ್ನು ಆರಾಮ ಆಗ್ತಾರೆ, ಕರಕೊಂಡು ಹೋಗಿ ಅಂದರು. ನಾವು ದೇವರಿಗೆ ಕಾಯಿ ಒಡೆಸಿ ಮನೆಗೆ ಬಂದೆವು. ಮತ್ತೆ ಬಂದು ತೋರಿಸಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೊನ್ನೆ ಊರಲ್ಲಿ ಬಿಪಿ ಶಿಬಿರ ಇತ್ತು. ಅಲ್ಲಿ ರಕ್ತ ನೋಡಿದರೆ ಕ್ರಿಯೇಟಿನಿನ್ 1.6. ಮೂತ್ರದಲ್ಲಿ ಪ್ರೋಟೀನ್ ಬೇರೆ. ಅಪ್ಪ ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ. ಮೀನಖಂಡ ಹಿಡಿಯುತ್ತದೆ. ಹತ್ತು ಗಂಟೆಯ ಬಿಸಿಲಿಗೇ ತಲೆ ತಿರುಗುತ್ತದೆ ಅಂತ ಕುಂತುಬಿಡುತ್ತಾರೆ. ಮೊದಲು ಇಂಥ ಮನುಷ್ಯ ಅಲ್ಲವೇ ಅಲ್ಲ. ಊರವರು "ಅವತ್ತಿನ ಬಿಸಿಲು ಒಳಗೇ ಕುಂತದ" ಅನ್ನುತ್ತಾರೆ. ನೀರು ಕುಡಿಸಿದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಒಂದು ದಿನ ನೀರಿಲ್ಲದೆ ಇದ್ದರೆ ಎರಡು ವರ್ಷ ಕಾಡುತ್ತಾ?

ಹಳೇಗಡಿಗೆ, ಸೇಡಂ

ತಮ್ಮಾ, ತಪ್ಪು ತಿಳೀಬೇಡ. 1972ರ ಬರದಲ್ಲಿ ನಾನು ಹದಿನಾರರ ಹುಡುಗ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವನು. ಇಡೀ ದಿನಕ್ಕೆ ಒಂದು ತಂಬಿಗೆ ನೀರು ಸಿಕ್ಕರೆ ದೊಡ್ಡದು. ನಮಗೆ ಯಾರಿಗೂ ಕಿಡ್ನಿ ಗಿಡ್ನಿ ಹೋಗಲಿಲ್ಲ. ಈಗಿನವರ ಮೈಯಲ್ಲಿ ಕಸುವಿಲ್ಲ, ಜೋಳದ ರೊಟ್ಟಿ ಬಿಟ್ಟು ಬಿಸ್ಕಿಟ್ ತಿಂದರೆ ಹೀಗೇ.

ಲ್ಯಾಬ್‌ಮಾಮಾ, ಕಲಬುರಗಿ

ಕಾಕಾ, 1972ರಲ್ಲಿ ನಿಮ್ಮ ಕ್ರಿಯೇಟಿನಿನ್ ಯಾರು ಅಳೆದಿದ್ದರು? ಉಳಿದವರು ಇವತ್ತು ಕಥೆ ಹೇಳುತ್ತೀರಿ. ಉಳಿಯದವರು ಹೇಳೋಕೆ ಇಲ್ಲ, ಅಷ್ಟೇ.

ತೊಗರಿಹೊಲ ಅವರೇ, ನಾನು ಡಾಕ್ಟರ್ ಅಲ್ಲ. ಇಪ್ಪತ್ತು ವರ್ಷದಿಂದ ರಕ್ತ ಮೂತ್ರ ನೋಡುತ್ತಿರುವವನು. ಏಪ್ರಿಲ್ ಬಂತೆಂದರೆ ಇಂಥ ರಿಪೋರ್ಟ್ ಸಾಲುಸಾಲು ಬರುತ್ತವೆ. ಮೂರು ವಿಷಯ ಕೇಳುತ್ತೇನೆ, ಅಪ್ಪನನ್ನು ಕೇಳಬೇಡಿ, ಅವ್ವನನ್ನು ಕೇಳಿ. ಅವತ್ತು ಅಥವಾ ಹಿಂದಿನ ದಿನ ನೋವಿನ ಮಾತ್ರೆ, ಸೂಜಿ ಏನಾದರೂ ತಗೊಂಡಿದ್ದರಾ? ಬಿಪಿ ಗುಳಿಗೆ ನಡೆದಿತ್ತಾ? ವಾಂತಿ ಭೇದಿ ಇತ್ತಾ?

ತೊಗರಿಹೊಲ, ಜೇವರ್ಗಿ

ಮಾಮಾ, ನಿಮಗೆ ಹೇಗೆ ಗೊತ್ತಾಯಿತು?

ಅವ್ವ ಹೇಳಿದಳು. ಹಿಂದಿನ ದಿನ ಒಂದು ಮದುವೆ ಊಟ, ರಾತ್ರಿ ಮೂರು ಸಲ ಭೇದಿ ಆಗಿತ್ತಂತೆ. ಬೆಳಿಗ್ಗೆ ಬಿಪಿ ಗುಳಿಗೆ ನುಂಗಿಯೇ ಹೋಗಿದ್ದರು. ಚೀಟಿ ನೋಡಿದೆ, ಅದರಲ್ಲಿ ಮೂತ್ರ ಹೆಚ್ಚು ಮಾಡುವ ಔಷಧವೂ ಸೇರಿದೆಯಂತೆ. ಸೊಂಟ ನೋವಿಗೆ ಎರಡು ದಿನದಿಂದ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಅವತ್ತು ಅಂಗಿ ಕಿಸೆಯಲ್ಲಿ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಪಟ್ಟಿ ಇತ್ತು. ದವಾಖಾನೆಯಲ್ಲಿ ಇದೊಂದನ್ನೂ ನಾವು ಹೇಳಿರಲಿಲ್ಲ. ಬಿಸಿಲು ಬಡಿದಿದೆ ಅಂದಿದ್ದೆವು, ಅಷ್ಟೇ.

ಬಿಳಿಕೋಟು, ಹುಮನಾಬಾದ್ ಮೂಲ, ಈಗ ಕಲಬುರಗಿ

ಡ್ಯೂಟಿ ಮುಗಿಸಿ ಬಂದು ಓದಿದೆ. ಲ್ಯಾಬ್‌ಮಾಮಾ ಅವರಿಗೆ ಸಂಬಳ ಹೆಚ್ಚು ಮಾಡಬೇಕು. ಇಲ್ಲಿ ಬರೆಯುವುದು ತಿಳಿವಳಿಕೆಗೆ ಮಾತ್ರ, ಅಪ್ಪನನ್ನು ನೋಡದೆ ನಾನು ಔಷಧ ಹೇಳಲ್ಲ.

ಹೃದಯ ಒತ್ತುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ದಿನಕ್ಕೆ ಹತ್ತಿರ ಹತ್ತಿರ 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನು ವಾಪಸ್ ಎಳೆದುಕೊಳ್ಳುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ದೇಹ ಮಿದುಳು, ಹೃದಯಕ್ಕೆ ರಕ್ತ ಉಳಿಸಿಕೊಳ್ಳುತ್ತದೆ, ಕಿಡ್ನಿಯ ಪಾಲು ಕಡಿತ ಮಾಡುತ್ತದೆ. ಬೇಸಿಗೆಯಲ್ಲಿ ಹಳ್ಳಿಗೆ ಕರೆಂಟ್ ತೆಗೆದು ಊರಿಗೆ ಕೊಟ್ಟ ಹಾಗೆ ಅನ್ನಿ. ಸ್ವಲ್ಪ ಹೊತ್ತು ಹೀಗಿದ್ದರೆ ತೊಂದರೆ ಇಲ್ಲ. ನೀರು ಕೊಟ್ಟ ಕೂಡಲೇ ಸರಿಹೋಗುತ್ತದೆ. ಹೊತ್ತು ಜಾಸ್ತಿಯಾದರೆ ವಾಪಸ್ ಎಳೆಯುವ ಸಣ್ಣ ನಳಿಗೆಗಳ ಗೋಡೆ ಸಾಯಲು ಶುರುವಾಗುತ್ತದೆ. ಅವು ಮೊದಲೇ ಕಡಿಮೆ ಆಮ್ಲಜನಕದಲ್ಲಿ ದುಡಿಯುವ ಜಾಗಗಳು.

ಈಗ ಅಪ್ಪನ ದಿನ ನೋಡಿ. ಭೇದಿಯಲ್ಲಿ ನೀರು ಹೋಯಿತು. ಗುಳಿಗೆ ಇನ್ನಷ್ಟು ನೀರನ್ನು ಮೂತ್ರದಲ್ಲಿ ಹೊರಹಾಕಿತು. ಉಳಿದದ್ದು ಬೆವರಿನಲ್ಲಿ ಹೋಯಿತು. ಇಂಥ ಹೊತ್ತಲ್ಲಿ ಕಿಡ್ನಿ ತನಗೆ ರಕ್ತ ತರುವ ನಾಳವನ್ನು ತಾನೇ ಅಗಲ ಮಾಡಿಕೊಂಡು ಬದುಕಲು ನೋಡುತ್ತದೆ. ನೋವಿನ ಮಾತ್ರೆ ಆ ದಾರಿಯನ್ನೇ ಮುಚ್ಚುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಕುಲ. ಅದರ ಜೊತೆಗೆ ಬಿಸಿ ಮತ್ತು ದುಡಿತಕ್ಕೆ ಮಾಂಸಖಂಡ ಒಡೆದು ಅದರ ಬಣ್ಣ ಮೂತ್ರಕ್ಕೆ ಬಂದಿರಬಹುದು. ಕರಿ ಚಹಾದ ಬಣ್ಣ ಅಂದಿರಲ್ಲ, ಅದನ್ನು ಓದಿದಾಗ ನನಗೆ ಹಾಗೇ ಅನ್ನಿಸಿತು. ಆ ಬಣ್ಣದ ಪ್ರೋಟೀನ್ ಕೂಡ ನಳಿಗೆಗಳನ್ನು ಕಟ್ಟುತ್ತದೆ.

ಅಂದರೆ ಒಂದು ದಿನದ ನೀರಡಿಕೆ ಒಂದೇ ಇಷ್ಟು ಮಾಡಿರಲಿಕ್ಕಿಲ್ಲ. ಎಲ್ಲ ಒಟ್ಟಿಗೆ ಬಂದು ಕುಂತವು.

ಸತ್ತ ನಳಿಗೆ ಬಹಳ ಮಟ್ಟಿಗೆ ಮತ್ತೆ ಬೆಳೆಯುತ್ತದೆ. ಕ್ರಿಯೇಟಿನಿನ್ 5.8ರಿಂದ ಇಳಿದದ್ದು ಅದಕ್ಕೇ. ಆದರೆ ಬೆಳೆಯದ ಕಡೆ ಗಾಯದ ಕಲೆ ಉಳಿಯುತ್ತದೆ. ಉಳಿದ ಭಾಗ ಹೋದದ್ದರ ಕೆಲಸವನ್ನೂ ಹೊರುತ್ತದೆ, ಹೊತ್ತು ಹೊತ್ತು ಸವೆಯುತ್ತದೆ. 56 ವರ್ಷದ ಗಂಡಸಿಗೆ ಕ್ರಿಯೇಟಿನಿನ್ 1.6 ಅಂದರೆ ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆ ಅನ್ನುತ್ತೇವೆ. ಹಾಗಂತ ಡಯಾಲಿಸಿಸ್ ಬಂತು ಅಂತ ಹೆದರಬೇಡಿ. ಬಿಪಿ ಹಿಡಿತದಲ್ಲಿಟ್ಟು, ನೋವಿನ ಮಾತ್ರೆ ಬಿಟ್ಟರೆ ಇದೇ ಮಟ್ಟದಲ್ಲಿ ವರ್ಷಗಟ್ಟಲೆ ಆರಾಮಾಗಿ ಇರುವವರು ಬಹಳ ಜನ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಇಂಥ ಪೆಟ್ಟು ತಿಂದ ಕಿಡ್ನಿಯನ್ನು ಮೂರು ತಿಂಗಳಿಗೆ ಮತ್ತೆ ನೋಡಬೇಕು ಅಂತ 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ನಮ್ಮ ಕಡೆ ಡಿಸ್ಚಾರ್ಜ್ ಚೀಟಿ ಪ್ಲಾಸ್ಟಿಕ್ ಚೀಲದಲ್ಲಿ ಹೋಗಿ ಜಂತಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು.

ಬೆಳಗಿನವಾಕ್, ಕಲಬುರಗಿ

ಇದಕ್ಕೆಲ್ಲ ಒಂದೇ ಮದ್ದು. ಬೆಳಿಗ್ಗೆ ಎದ್ದ ಕೂಡಲೇ ಎರಡು ಲೀಟರ್, ದಿನಕ್ಕೆ ಆರು ಲೀಟರ್ ನೀರು. ನಾನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಕಿಡ್ನಿ ತೊಳೆದು ಹೊಸದಾಗುತ್ತದೆ.

ಬಿಳಿಕೋಟು

ದಯವಿಟ್ಟು ಬೇಡ. ಕಿಡ್ನಿ ಪಾತ್ರೆ ಅಲ್ಲ, ತೊಳೆಯೋಕೆ. ಗಾಯದ ಕಲೆಗೆ ಎಷ್ಟು ನೀರು ಕುಡಿದರೂ ಅಷ್ಟೇ. ಹೃದಯ ಸೋತವರು, ಕಿಡ್ನಿ ತೀರಾ ಸೋತವರು ಆರು ಲೀಟರ್ ಕುಡಿದರೆ ಕಾಲು ಬಾತು ಉಸಿರು ಕಟ್ಟುತ್ತದೆ. ಚೆನ್ನಾಗಿದ್ದವರಿಗೂ ಒಮ್ಮೆಲೇ ಬರೀ ನೀರು ಸುರಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ತೊಗರಿಹೊಲ ಅವರ ಅಪ್ಪ ಎಷ್ಟು ಕುಡಿಯಬೇಕು ಅನ್ನುವುದನ್ನು ನೋಡುವ ಡಾಕ್ಟರೇ ಹೇಳಬೇಕು.

ಕಲ್ಲುಗಣಿ, ಶಹಾಬಾದ

ನಾನು ಹೆಚ್ಚು ಓದಿದವನಲ್ಲ, ತಪ್ಪಿದ್ದರೆ ತಿದ್ದಿ. ಫರಸಿ ಕಲ್ಲಿನ ಗಣಿಯಲ್ಲಿ ಹದಿನಾಲ್ಕು ವರ್ಷ ದುಡಿದೆ. ಮೇಲೆ ಬಿಸಿಲು, ಕೆಳಗೆ ಕಾದ ಕಲ್ಲು, ಸುತ್ತ ಗಾಳಿಯಾಡದ ಗುಂಡಿ. ಸರ್ಕಾರಿ ಆಫೀಸಿನವರಿಗೆ ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಎಂಟರಿಂದ ಒಂದೂವರೆವರೆಗೆ ಕೆಲಸ. ಫ್ಯಾನ್ ಕೆಳಗೆ ಕೂರುವವರಿಗೆ ಆ ವೇಳೆ. ಗುಂಡಿಯಲ್ಲಿ ಇಳಿಯುವವನಿಗೆ ಫುಟ್ ಲೆಕ್ಕದಲ್ಲಿ ಕೂಲಿ. ನೀರಿಗೆ ಅಂತ ಮೇಲೆ ಹತ್ತಿದರೆ ಆ ಹೊತ್ತಿನ ದುಡ್ಡು ಹೋಯಿತು. ಯಾರೂ ಕುಡೀಬೇಡ ಅನ್ನಲ್ಲ. ನಾವೇ ಕುಡಿಯಲ್ಲ.

ನನಗೆ ಎರಡು ಸಲ ಮೂತ್ರದ ಕಲ್ಲು ಆಗಿದೆ. ಕಲ್ಲು ಕಡಿಯುವವನ ಹೊಟ್ಟೆಯಲ್ಲೂ ಕಲ್ಲು ಅಂತ ಹೆಂಡತಿ ನಗುತ್ತಾಳೆ. ಆ ನೋವು ನಗುವಂಥದ್ದಲ್ಲ ಬಿಡಿ.

ನನ್ನ ಜೊತೆಯವನೊಬ್ಬ ಇದ್ದ. ಬಿಸಿಲಿಗೆ ಬಿದ್ದು ಮೂರು ದಿನ ಎಚ್ಚರ ಇರಲಿಲ್ಲ. ಬದುಕಿದ. ಆದರೆ ಇವತ್ತಿಗೂ ನಡೆಯುವಾಗ ಕುಡಿದವನ ಹಾಗೆ ತೂರಾಡುತ್ತಾನೆ, ಮಾತು ಎಳೆದೆಳೆದು ಬರುತ್ತದೆ. ಊರಲ್ಲಿ ಕುಡುಕ ಅಂತ ಹೆಸರಾಗಿದೆ. ಅವನು ಹನಿ ಮುಟ್ಟಿದವನಲ್ಲ. ಇದು ಯಾಕೆ ಅಂತ ಯಾರಾದರೂ ಹೇಳುತ್ತೀರಾ?

ಬಿಳಿಕೋಟು

ಹೇಳುತ್ತೇನೆ. ಇದು ಶಾಖಾಘಾತದ ಗುರುತು. ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಹೊತ್ತು ಕಳೆದರೆ ಮಿದುಳಿನ ಹಿಂಭಾಗದ ಚಿಕ್ಕ ಮಿದುಳು ಮೊದಲು ಪೆಟ್ಟು ತಿನ್ನುತ್ತದೆ. ನಡಿಗೆಯ ತೂಕ, ಮಾತಿನ ಹಿಡಿತ ಅಲ್ಲಿಂದಲೇ. ಅಲ್ಲಿನ ಪರ್ಕಿಂಜೆ ಎನ್ನುವ ಜೀವಕೋಶಗಳಿಗೆ ಬಿಸಿ ಆಗಿ ಬರಲ್ಲ, ಸತ್ತರೆ ಮತ್ತೆ ಹುಟ್ಟಲ್ಲ. ಮೈಯಲ್ಲಿ ನೀರಿಲ್ಲದಿದ್ದರೆ ಬೆವರಿಲ್ಲ, ಬೆವರಿಲ್ಲದಿದ್ದರೆ ಬಿಸಿ ಇಳಿಯಲ್ಲ. ನೀರಡಿಕೆ ಅಲ್ಲಿಂದ ಮಿದುಳಿಗೆ ಏರುತ್ತದೆ. ಅವರನ್ನು ನರರೋಗದವರಿಗೆ ಒಮ್ಮೆ ತೋರಿಸಿ. ಪೂರ್ತಿ ಸರಿಯಾಗದಿದ್ದರೂ ನಡಿಗೆಗೆ, ಮಾತಿಗೆ ವ್ಯಾಯಾಮ ಕಲಿಸುತ್ತಾರೆ. ಕುಡುಕ ಅನ್ನೋದು ತಪ್ಪಲಿಕ್ಕಾದರೂ ಒಂದು ಚೀಟಿ ಬರೆಸಿಕೊಳ್ಳಿ.

ಇನ್ನೊಂದು ಮಾತು. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಹುಡುಗರಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಮೂವತ್ತು ನಲವತ್ತಕ್ಕೇ ಕಿಡ್ನಿ ಹೋಗುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪ ಒಣಗುವುದು, ದಿನಾ ಸಣ್ಣ ಪೆಟ್ಟು. ಅಲ್ಲಿ ಬಿಸಿಲು ಮತ್ತು ನೀರಿಲ್ಲದ ದುಡಿತವೇ ದೊಡ್ಡ ಶಂಕಿತ. ನಮ್ಮ ಬಾಜೂ ರಾಜ್ಯದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲೂ ಇಂಥದ್ದೇ ಕಾಯಿಲೆ ಇದೆ, ಅಲ್ಲಿ ಕಾರಣ ಇನ್ನೂ ಬಗೆಹರಿದಿಲ್ಲ. ನಿಕರಾಗುವಾದ ಕಬ್ಬಿನ ಗದ್ದೆಗಳಲ್ಲಿ ನೀರು, ನೆರಳು, ನಡುನಡುವೆ ವಿಶ್ರಾಂತಿ ಅಂತ ಕಡ್ಡಾಯ ಮಾಡಿದ ಮೇಲೆ ಕಿಡ್ನಿಗೆ ಪೆಟ್ಟು ಬೀಳುವುದು ಕಡಿಮೆಯಾಯಿತು.

ನೀವು ಕಲ್ಲಿನ ಬಗ್ಗೆ ಹೇಳಿದ್ದಕ್ಕೆ: ಒಮ್ಮೆ ಆದವರಲ್ಲಿ ಅರ್ಧದಷ್ಟು ಜನಕ್ಕೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಕುಡಿಯುವ ನೀರಿನ ಲೆಕ್ಕ ಅಲ್ಲ, ಹೋಗುವ ಮೂತ್ರದ ಲೆಕ್ಕ.

ಓಟಗಾರ, ಕಲಬುರಗಿ

ಓಟದ ಹುಚ್ಚಿನವನು ನಾನು, ಅದಕ್ಕೆ ಈ ಕಥೆ ಗೊತ್ತು. ಮೌರೋ ಪ್ರೋಸ್ಪೆರಿ ಅಂತ ಇಟಲಿಯ ಓಟಗಾರ, ಪೊಲೀಸ್ ಕೆಲಸದಲ್ಲಿದ್ದವರು. 1994ರಲ್ಲಿ ಮೊರಾಕೊದ ಸಹಾರಾ ಮರುಭೂಮಿಯ ಓಟದಲ್ಲಿ ಮರಳ ಗಾಳಿಗೆ ಸಿಕ್ಕು ದಾರಿ ತಪ್ಪಿದರು. ಒಂಬತ್ತು ದಿನ ಅಲೆದು ಅಲ್ಜೀರಿಯಾ ಕಡೆ ಹೋಗಿ ಸಿಕ್ಕರು. ತಮ್ಮ ಮೂತ್ರವನ್ನೇ, ಬಾವಲಿಗಳ ರಕ್ತವನ್ನೇ ಕುಡಿದು ಉಳಿದಿದ್ದರು. ಹತ್ತಿರ 15 ಕೆಜಿ ಇಳಿದಿದ್ದರು, ಯಕೃತ್ತು ಕೆಟ್ಟಿತ್ತು. ಅಂಥ ಗಟ್ಟಿ ದೇಹಕ್ಕೆ ಪೂರ್ತಿ ಚೇತರಿಸಿಕೊಳ್ಳಲು ಸುಮಾರು ಎರಡು ವರ್ಷ ಬೇಕಾಯಿತು. ನಿಮ್ಮ ಅಪ್ಪನಿಗೂ ಎರಡು ವರ್ಷ ಅಂದಿರಲ್ಲ, ನೆನಪಾಯಿತು.

ಮೂತ್ರ ಕುಡಿಯುವ ಐಡಿಯಾ ಯಾರೂ ತಗೋಬೇಡಿ. ಒಣಗಿದ ಮೈಯ ಮೂತ್ರದಲ್ಲಿ ಉಪ್ಪು ಜಾಸ್ತಿ, ಕಿಡ್ನಿಗೆ ಇನ್ನಷ್ಟು ಭಾರ.

ಮಾಂಜ್ರಾಹೊಳೆ, ಬೀದರ್

ಎಲ್ಲರೂ ಹೊಲ, ಗಣಿ, ಮರುಭೂಮಿ ಅನ್ನುತ್ತಿದ್ದೀರಿ. ನಮ್ಮ ಮನೆಯಲ್ಲಿ ನೀರಿಲ್ಲದೆ ಒಣಗಿದ್ದು ನಡುಮನೆಯಲ್ಲಿ, ತುಂಬಿದ ಗಡಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ.

ನನ್ನ ಅಕ್ಕನ ಬಾಣಂತನ ಏಪ್ರಿಲ್‌ನಲ್ಲಿ ಬಂತು. ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ದಪ್ಪ ಬಟ್ಟೆ, ಮಂಚದ ಕೆಳಗೆ ಕೆಂಡ. ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತ ಆಗುತ್ತದೆ ಅಂತ ದಿನಕ್ಕೆ ಎರಡು ಲೋಟ ಬಿಸಿನೀರು, ಅದೂ ಔಷಧದ ಪುಡಿ ಹಾಕಿ. ಅಕ್ಕ ಕೇಳುತ್ತಿದ್ದಳು. ನಾನು ಆಗ ಹನ್ನೊಂದನೇ ಕ್ಲಾಸು. ಒಮ್ಮೆ ಕದ್ದು ಒಂದು ತಂಬಿಗೆ ಕೊಟ್ಟಿದ್ದಕ್ಕೆ ಅಜ್ಜಿ ಹೊಡೆದಿದ್ದಳು. ಹನ್ನೆರಡನೇ ದಿನ ತಲೆನೋವು ಶುರುವಾಯಿತು. ತಲೆ ಸೀಳಿದ ಹಾಗೆ ಅನ್ನುತ್ತಿದ್ದಳು. ಬಾಣಂತಿ ಗಾಳಿ ಅಂತ ಇನ್ನೊಂದು ಬಟ್ಟೆ ಕಟ್ಟಿದರು. ಹದಿನಾಲ್ಕನೇ ದಿನ ವಾಂತಿ, ಆಮೇಲೆ ಫಿಟ್ಸ್. ಎಡಗೈ ಎತ್ತಲಾಗಲಿಲ್ಲ. ಯಾರೋ ನಿಂಬೆಹಣ್ಣು ಇಳಿ ತೆಗೆದರು. ದವಾಖಾನೆಗೆ ಹೋಗಲು ಒಂದು ರಾತ್ರಿ ಹಾಳಾಯಿತು.

ಎಂಆರ್‌ಐ ಮಾಡಿದ ಮೇಲೆ ಹೇಳಿದರು, ಮಿದುಳಿನಿಂದ ರಕ್ತ ವಾಪಸ್ ಬರುವ ದೊಡ್ಡ ನಾಳದಲ್ಲಿ ಹೆಪ್ಪು. ಹೆರಿಗೆಯಾದ ಆರು ವಾರ ಹೆಂಗಸರ ರಕ್ತ ತಾನಾಗೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿ ಇರುತ್ತದೆ, ಹೆರಿಗೆಯಲ್ಲಿ ರಕ್ತ ಹೋಗಬಾರದು ಅಂತ ದೇಹದ ಏರ್ಪಾಡು. ಅದರ ಮೇಲೆ ನೀರೂ ಕೊಡದಿದ್ದರೆ ಅದು ಇನ್ನೂ ದಪ್ಪಗಾಗುತ್ತದೆ ಅಂದರು. ಹೆಪ್ಪು ಕರಗಿಸುವ ಸೂಜಿ ಕೊಟ್ಟರು. ಅಕ್ಕ ಉಳಿದಳು, ಕೈ ಬಂತು. ಆದರೆ ಒಂಬತ್ತು ವರ್ಷ ಆದರೂ ಫಿಟ್ಸ್ ಗುಳಿಗೆ ಬಿಟ್ಟಿಲ್ಲ. ಬೆಂಕಿ ಮುಂದೆ ಒಬ್ಬಳೇ ನಿಲ್ಲೋ ಹಾಗಿಲ್ಲ. ಎರಡನೇ ಮಗು ಬೇಡ ಅಂದುಕೊಂಡರು. ಗುಳಿಗೆ ತಿನ್ನುವುದನ್ನು ಅತ್ತೆ ಮನೆಯ ನೆಂಟರಿಂದ ಇವತ್ತಿಗೂ ಮುಚ್ಚಿಡುತ್ತಾರೆ.

ನಮ್ಮ ಊರಲ್ಲಿ ಬಹಮನಿ ಕಾಲದವರು ನೆಲದೊಳಗೆ ಸುರಂಗ ಕೊರೆದು ನೀರು ತಂದಿದ್ದಾರೆ. ನೌಬಾದ್ ಕಡೆ ಹೋದರೆ ಇವತ್ತಿಗೂ ನೋಡಬಹುದು. ಅಂಥ ಊರಿನಲ್ಲಿ ಹೆತ್ತವಳಿಗೆ ನೀರಿಲ್ಲ.

ಬಿಳಿಕೋಟು

ಓದಿ ಸುಮ್ನೆ ಕುಂತೆ. ಒಂದೇ ಮಾತು ಸೇರಿಸುತ್ತೇನೆ, ಎಲ್ಲರಿಗೂ ಕಳಿಸಿ: ಹೆರಿಗೆಯಾದ ಆರು ವಾರದೊಳಗೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಇದರಲ್ಲಿ ಯಾವುದು ಬಂದರೂ ಅವತ್ತೇ ದವಾಖಾನೆ. ಬೇಗ ಬಂದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಹಾಲುಣಿಸುವ ತಾಯಿ ದಿನಕ್ಕೆ ಮುಕ್ಕಾಲು ಲೀಟರ್‌ನಷ್ಟು ಹಾಲು ಕೊಡುತ್ತಾಳೆ. ಆ ನೀರು ಎಲ್ಲಿಂದ ಬರಬೇಕು?

ಹಳೇಗಡಿಗೆ, ಸೇಡಂ

ಬೀದರ್ ತಾಯಿ ಬರೆದದ್ದು ಮೊಮ್ಮಗಳ ಕೈಲಿ ಓದಿಸಿ ಕೇಳಿದೆ. ಎರಡನೇ ಸಲ ಓದು ಅಂದೆ.

ನನಗೊಬ್ಬಳು ತಂಗಿ ಇದ್ದಳು. 1974, ಹೋಳಿ ಹುಣ್ಣಿಮೆ ಆದ ಮೇಲೆ. ಹೆತ್ತು ಹತ್ತು ದಿನಕ್ಕೆ ತಲೆ ತಲೆ ಅಂತ ಚೀರಿದಳು, ಆಮೇಲೆ ಮೂರ್ಛೆ. ದೆವ್ವ ಬಡಿದಿದೆ ಅಂದರು. ಮೂರು ದಿನಕ್ಕೆ ಹೋದಳು. ಅವಳೂ ನೀರು ಕೇಳುತ್ತಿದ್ದಳು. ಕೊಡದವರಲ್ಲಿ ನಾನೂ ಒಬ್ಬ.

ಡಾಕ್ಟರೇ, ಅದೂ ಇದೇನಾ?

ಬಿಳಿಕೋಟು

ಕಾಕಾ, ಐವತ್ತು ವರ್ಷದ ಹಿಂದಿನದನ್ನು ಇಲ್ಲಿ ಕುಂತು ಹೇಳೋಕೆ ಆಗಲ್ಲ. ಆ ಕಾಲದಲ್ಲಿ ನಂಜು, ಬಿಪಿ ಏರಿ ಬರುವ ಫಿಟ್ಸ್, ಹೀಗೆ ಬೇರೆ ಕಾರಣಗಳೂ ಇದ್ದವು. ನೀವು ಆಗ ಹದಿನೆಂಟರ ಹುಡುಗ. ಮನೆಯಲ್ಲಿ ನಿಮ್ಮ ಮಾತು ಯಾರು ಕೇಳುತ್ತಿದ್ದರು?

ಟೀಚರಮ್ಮ, ಗುರುಮಠಕಲ್

ಬೇಕಂತಲೇ ನೀರು ಬಿಡುವ ಇನ್ನೊಂದು ಗುಂಪು ನಮ್ಮ ಶಾಲೆಯಲ್ಲಿದೆ. ಏಳನೇ, ಎಂಟನೇ ಕ್ಲಾಸಿನ ಹುಡುಗಿಯರು ತುಂಬಿದ ಬಾಟಲಿ ತರುತ್ತಾರೆ, ತುಂಬಿದ ಬಾಟಲಿಯನ್ನೇ ವಾಪಸ್ ಒಯ್ಯುತ್ತಾರೆ. ಶೌಚಾಲಯ ಇದೆ, ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಹೊಲಕ್ಕೆ ಹೋಗುವ ಹೆಂಗಸರದ್ದೂ ಇದೇ ಕಥೆ, ಕತ್ತಲಾಗುವವರೆಗೆ ತಡೆಯುತ್ತಾರೆ. ಉರಿಮೂತ್ರ ಬಂದರೆ ಉಷ್ಣ ಅಂತ ಸಬ್ಬಕ್ಕಿ ಗಂಜಿ ಕುಡಿದು ಮುಗಿಸುತ್ತಾರೆ. ಒಬ್ಬ ಹುಡುಗಿಗೆ ವರ್ಷಕ್ಕೆ ನಾಲ್ಕು ಸಲ ಸೋಂಕು ಆಗಿ, ಜ್ವರ ಬೆನ್ನಿಗೇರಿ ಅಡ್ಮಿಟ್ ಆಗಿದ್ದಳು. ಸೋಂಕು ಕಿಡ್ನಿಗೆ ಏರಿದರೆ ಅಲ್ಲೂ ಕಲೆ ಉಳಿಯಬಹುದು ಅಂದರಂತೆ. ಚಿಲಕ ನಾನೇ ನಲವತ್ತು ರೂಪಾಯಿಗೆ ತಂದು ಹಾಕಿಸಿದೆ. ಈಗ ಬಾಟಲಿಗಳು ಮಧ್ಯಾಹ್ನಕ್ಕೇ ಖಾಲಿ.

ಮನೆಮನೆ, ಸುರಪುರ

ನಾನು ಆಶಾ ಕಾರ್ಯಕರ್ತೆ. ಮಕ್ಕಳ ಭೇದಿ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತೇನೆ.

ನಾವು ಮನೆಗೆ ಕೊಡುವ ಓಆರ್‌ಎಸ್ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಗ್ಲೂಕೋಸ್ 13.5, ಉಪ್ಪು 2.6, ಉಳಿದದ್ದು ಪೊಟ್ಯಾಸಿಯಂ, ಸಿಟ್ರೇಟ್. ಪೂರ್ತಿ ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ. ನಮ್ಮಲ್ಲಿ ಏನಾಗುತ್ತದೆ ಅಂದರೆ, ಒಂದು ಲೋಟಕ್ಕೇ ಇಡೀ ಪೊಟ್ಟಣ ಸುರಿಯುತ್ತಾರೆ, ಗಟ್ಟಿ ಇದ್ದರೆ ಬೇಗ ಕೆಲಸ ಮಾಡುತ್ತದೆ ಅಂತ. ಒಣಗಿದ ಕೂಸಿಗೆ ಆ ಗಟ್ಟಿ ಉಪ್ಪುನೀರು ಹೋದರೆ ರಕ್ತದ ಉಪ್ಪು ಏರಿ ಮಿದುಳಿನ ನೀರನ್ನೇ ಎಳೆದುಕೊಳ್ಳುತ್ತದೆ. ಮಿದುಳು ಕುಗ್ಗುತ್ತದೆ, ಸಣ್ಣ ನಾಳ ಹರಿಯಬಹುದು. ಅಂಥ ಮಗುವನ್ನು ದವಾಖಾನೆಯಲ್ಲಿ ನಿಧಾನಕ್ಕೆ ಸರಿಮಾಡಬೇಕು. ಗಡಿಬಿಡಿಯಲ್ಲಿ ನೀರು ಏರಿಸಿದರೆ ಮಿದುಳು ಬಾತುಕೊಳ್ಳುತ್ತದೆ. ನನ್ನ ಓಣಿಯಲ್ಲಿ ಹೀಗಾದ ಒಂದು ಮಗು ಇದೆ. ಬದುಕಿದೆ. ನಾಲ್ಕು ವರ್ಷಕ್ಕೆ ಎರಡೇ ಎರಡು ಶಬ್ದ ಮಾತಾಡುತ್ತದೆ.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತು ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಸಲೈನ್ ಮುಗಿದಾಗ ಇದೇ ಉಪ್ಪು ಸಕ್ಕರೆ ನೀರನ್ನು ಡ್ರಮ್‌ನಲ್ಲಿ ಕದಡಿ ಕುಡಿಸಿದರು. ಕಾಲರಾದಲ್ಲಿ ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದದ್ದು ನಾಲ್ಕಕ್ಕಿಂತ ಕೆಳಗೆ ಬಂತು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್‌ಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸ. ಅಂಗಡಿಯ ಬಣ್ಣದ ಡಬ್ಬಿ ಜ್ಯೂಸ್ ಬೇಡ. ಓಆರ್‌ಎಸ್ ಅಲ್ಲದ್ದಕ್ಕೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ಭೀಮಾತೀರ, ಯಾದಗಿರಿ

ಎಲ್ಲ ಸರಿ. ಯಾವ ನೀರು ಕುಡಿಯಬೇಕು ಅದನ್ನೂ ಹೇಳಿ. ಬೇಸಿಗೆಗೆ ಬೋರ್ ಆಳಕ್ಕೆ ಹೋದಷ್ಟೂ ನಮ್ಮ ಕಡೆ ಫ್ಲೋರೈಡ್. ಕುದಿಸಿ ಕುಡಿದರೆ ಹೋಗುತ್ತಾ?

ಲ್ಯಾಬ್‌ಮಾಮಾ

ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಫ್ಲೋರೈಡನ್ನು ಹೊರಹಾಕುವುದೂ ಕಿಡ್ನಿಯೇ. ಅದು ಸೋತಿದ್ದರೆ ಎಲುಬಿನಲ್ಲಿ ಜಾಸ್ತಿ ಕೂರುತ್ತದೆ. ತೊಗರಿಹೊಲ ಅವರೇ, ನಿಮ್ಮ ಬೋರ್ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ದರ್ಗಾರಸ್ತೆ, ಕಲಬುರಗಿ

ಸಣ್ಣ ಪ್ರಶ್ನೆ. ರೋಜಾ ಇಟ್ಟರೆ ಕಿಡ್ನಿಗೆ ಏನಾದರೂ? ಈಗೇನೋ ರಂಜಾನ್ ಬೇಸಿಗೆಯಿಂದ ಹಿಂದಕ್ಕೆ ಸರಿದಿದೆ, 2019ರಲ್ಲಿ ಮೇ ತಿಂಗಳು ಇತ್ತು.

ಬಿಳಿಕೋಟು

ಆರೋಗ್ಯವಂತರಿಗೆ ಏನೂ ಉಳಿಯಲ್ಲ, ಸಂಜೆ ಕುಡಿದ ಕೂಡಲೇ ದೇಹ ತುಂಬಿಕೊಳ್ಳುತ್ತದೆ. ಕಿಡ್ನಿ ತೊಂದರೆ, ಶುಗರ್, ಮೂತ್ರ ಹೆಚ್ಚು ಮಾಡುವ ಗುಳಿಗೆ ಇದ್ದವರು ಮೊದಲೇ ಬಂದು ಮಾತಾಡಲಿ. ಬಿಸಿಲಲ್ಲಿ ದುಡಿಯುವವರು ಕೂಡ.

ತೊಗರಿಹೊಲ, ಜೇವರ್ಗಿ

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ. ಅಪ್ಪನನ್ನು ಕಿಡ್ನಿ ಡಾಕ್ಟರ್‌ಗೆ ತೋರಿಸಿದೆ. ಸ್ಕ್ಯಾನ್‌ನಲ್ಲಿ ಕಿಡ್ನಿ ಅಳತೆ ಸರಿ ಇದೆ. ಬಿಪಿ ಗುಳಿಗೆ ಬದಲಾಯಿಸಿದರು. ಭೇದಿ ವಾಂತಿ ಆದ ದಿನ ಯಾವುದನ್ನು ನುಂಗಬಾರದು ಅಂತ ಬರೆದುಕೊಟ್ಟರು, ಅದನ್ನು ಬಾಗಿಲ ಹಿಂದೆ ಅಂಟಿಸಿದ್ದೇವೆ. ಸೊಂಟ ನೋವಿಗೆ ಸೂಜಿ ಬಂದ್. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ. ರಾತ್ರಿ ಏಳುವುದಕ್ಕೂ ಕಾರಣ ಹೇಳಿದರು. ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗಿದೆಯಂತೆ.

ಎರಡು ವರ್ಷ ಅಪ್ಪನಿಗೆ ಸೋಮಾರಿ ಅಂತ ಬೈದಿದ್ದೇನೆ. ಇದನ್ನು ಇಲ್ಲಿ ಬರೆಯದಿದ್ದರೆ ಎಲ್ಲಿ ಬರೆಯಲಿ.

ಅವ್ವ ಮೇಲಟ್ಟದಿಂದ ಹಳೇ ತತ್ರಾಣಿ ಇಳಿಸಿದ್ದಾಳೆ. ಮೂರು ಲೀಟರ್ ಹಿಡಿಯುತ್ತದೆ. ಭಾರ ಅಂತ ಅಪ್ಪ ಗೊಣಗುತ್ತಾರೆ, ಒಯ್ಯುತ್ತಾರೆ.

ಹಳೇಗಡಿಗೆ, ಸೇಡಂ

ಲ್ಯಾಬಿನವರೇ, ಆ ಕ್ರಿಯೇಟಿನಿನ್ ನಾನೂ ಒಮ್ಮೆ ಮಾಡಿಸಬೇಕು ಅಂತಿದ್ದೇನೆ. ಸೇಡಂನಿಂದ ಮೊದಲ ಬಸ್ಸಿಗೆ ಬರುತ್ತೇನೆ. ಹೊಟ್ಟೆ ಖಾಲಿ ಇರಬೇಕಾ?

ಲ್ಯಾಬ್‌ಮಾಮಾ

ಬೇಡ ಕಾಕಾ. ರೊಟ್ಟಿ ತಿಂದು, ನೀರು ಕುಡಿದೇ ಬನ್ನಿ. ಏಳೂವರೆಗೆ ಬಾಗಿಲು ತೆಗೆದಿರುತ್ತೇನೆ. ಮೊಮ್ಮಗಳನ್ನೂ ಕರಕೊಂಡು ಬನ್ನಿ, ರಿಪೋರ್ಟ್ ಓದೋಕೆ.